ಬೂತಾಯಿ ತಿನ್ನೋಕೆ ಜಪಾನಿಗೆ ಹೋದೆ

1/5
ಫೋಟೋದಲ್ಲಿರೋದು ಚೋಶಿ ಬಂದರು. ಟೋಕಿಯೊದಿಂದ ರೈಲಲ್ಲಿ ಸುಮಾರು ಎರಡು ಗಂಟೆ, ತೋನೆ ನದಿ ಸಮುದ್ರ ಸೇರೋ ಜಾಗ. ಅಕ್ಕ ಚೀಬಾದಲ್ಲಿ ಕೆಲಸದಲ್ಲಿದ್ದಾಳೆ, ಜೂನ್‌ನಲ್ಲಿ ರಜೆಗೆ ಅಂತ ಹೋಗಿದ್ದೆ. "ಸುಶಿ ತಿಂದ್ಯಾ?" ಅಂತ ಎಷ್ಟೋ ಜನ ಕೇಳಿದ್ರಿ. ತಿಂದೆ. ಆದ್ರೆ ನಿಮಗೆ ಹೇಳಬೇಕಿರೋದು ಬೇರೆ ಊಟದ ಕಥೆ.

2/5
ಬಂದರಿನ ಹಿಂದಿನ ಗಲ್ಲಿಯಲ್ಲಿ ಪುಟ್ಟ ಹೋಟೆಲ್. ಮೂರು ಟೇಬಲ್ಲು, ಒಬ್ಬರು ಅಜ್ಜಿ, ಗೋಡೆ ಮೇಲೆ ಕೈಬರಹದ ಮೆನು. ಅಕ್ಕ ಓದಿ ಹೇಳಿದ್ಲು, "ಇವತ್ತು ಇವಾಶಿ." ಇವಾಶಿ ಅಂದ್ರೆ ಬೂತಾಯಿ! ನಿಮ್ಮಲ್ಲಿ ಕೆಲವರು ಬೈಗೆ, ತಾರ್ಲೆ ಅಂತೀರಲ್ಲ, ಅದೇ. ಮಲ್ಪೆಯಲ್ಲಿ ಸಿಗೋ ಜಾತಿಯೇ ಅಲ್ಲ, ಹತ್ತಿರದ ನೆಂಟ. ನನ್ನ ಮುಖ ಸಪ್ಪಗಾಯ್ತು. ಇಷ್ಟು ದೂರ ಬಂದು ಬೂತಾಯಿ ತಿನ್ನೋದಾ?

3/5
ಮೊದಲು ಬಂದಿದ್ದು ಸಶಿಮಿ. ಹಸಿ ಮೀನು, ಮಿಂಚೋ ಬೆಳ್ಳಿ ಚರ್ಮ, ಪಕ್ಕದಲ್ಲಿ ತುರಿದ ಶುಂಠಿ. ಸೋಯಾ ಸಾಸ್‌ಗೂ ಈ ಊರು ಫೇಮಸ್. ಇಲ್ಲಿನ ಯಮಾಸಾ ಕಂಪನಿ ಶುರುವಾಗಿದ್ದೇ 1645ರಲ್ಲಿ. ಕಣ್ಣು ಮುಚ್ಚಿ ಬಾಯಿಗೆ ಹಾಕ್ಕೊಂಡೆ. ವಾಸನೆಯೇ ಇಲ್ಲ, ಬೆಣ್ಣೆ ಹಾಗೆ ಕರಗಿತು.

ಆಮೇಲೆ ನಮೆರೋ. ಹಸಿ ಮೀನು, ಮಿಸೊ, ಶುಂಠಿ, ಈರುಳ್ಳಿ ಸೊಪ್ಪು ಒಟ್ಟಿಗೆ ಹಾಕಿ ನುಣ್ಣಗೆ ಕೊಚ್ಚಿದ್ದು. ಮೀನುಗಾರರು ದೋಣಿಯಲ್ಲೇ ಮಾಡ್ಕೊಳ್ತಿದ್ದ ಅಡುಗೆ ಇದು. ಅಲೆಗೆ ಸೋಯಾ ಸಾಸ್ ಚೆಲ್ಲುತ್ತೆ ಅಂತ ಮಿಸೊ ಹಾಕ್ತಿದ್ರಂತೆ. ತಟ್ಟೆ ನೆಕ್ಕುವಷ್ಟು ರುಚಿ ಅಂತಲೇ ಆ ಹೆಸರಂತೆ. ಕೊನೆಗೆ ಅನ್ನ, ಮೀನಿನ ಉಂಡೆ ಹಾಕಿದ ಬಿಸಿ ಸಾರು.

4/5
ಇವಾಶಿ ಬರೆಯೋ ಅಕ್ಷರದಲ್ಲಿ 'ಮೀನು' ಪಕ್ಕ 'ದುರ್ಬಲ' ಅಂತ ಇದೆ. ಹಿಂದೆ ಇದನ್ನ ಒಣಗಿಸಿ ಹತ್ತಿ ಬೆಳೆಗೆ ಗೊಬ್ಬರ ಮಾಡ್ತಿದ್ರು. ನಮ್ಮಲ್ಲೂ ಎಷ್ಟೋ ಬೂತಾಯಿ ಫಿಶ್‌ಮೀಲ್ ಫ್ಯಾಕ್ಟರಿಗೆ ಹೋಗುತ್ತೆ. ಆದ್ರೆ ಚೋಶಿಯಲ್ಲಿ ಮಳೆಗಾಲ ಶುರುವಾದಾಗ ಸಿಗೋ ಕೊಬ್ಬಿದ ಇವಾಶಿಗೆ 'ನ್ಯೂಬಾಯ್ ಇವಾಶಿ' ಅಂತ ಬೇರೆ ಹೆಸರೇ ಇದೆ, ಅದಕ್ಕಾಗಿ ಜನ ಕಾಯ್ತಾರೆ.

ಅಜ್ಜಿ ಚಾಕು ಇಲ್ಲದೆ ಹೆಬ್ಬೆರಳಲ್ಲೇ ಮೀನು ಬಿಡಿಸಿ ಮುಳ್ಳು ತೆಗೀತಿದ್ರು. ಅಕ್ಕ ಜಪಾನಿ ಭಾಷೆಯಲ್ಲಿ ಆರಾಮಾಗಿ ಹೇಳಿಬಿಟ್ಲು, "ನಮ್ಮಮ್ಮ ಮಾರೋದೂ ಇದೇ ಮೀನು." ಏನು ಹೇಳಿದೆ ಅಂತ ಕೇಳಿ ತಿಳ್ಕೊಂಡವಳೇ ನಾನು ಅಕ್ಕಪಕ್ಕ ನೋಡಿದೆ, ಯಾರಿಗಾದ್ರೂ ಕೇಳಿಸ್ತಾ ಅಂತ. ಅಲ್ಲಿ ಕನ್ನಡ ಗೊತ್ತಿದ್ದವರು ನಾವಿಬ್ರೇ! ಅಜ್ಜಿ ನಗ್ತಾ ಪೊರೆ ಅಂಟಿದ ಕೈ ತೋರಿಸಿ, "ಅಮ್ಮನ ಕೈನೂ ಹೀಗೇನಾ?" ಅಂದ್ರಂತೆ. ಹೌದು, ಹೀಗೇ.

5/5
ಈಗ ನಿಜ ಹೇಳ್ತೀನಿ. ಫಸ್ಟ್ ಸೆಮ್‌ನಲ್ಲಿ ನಿಮಗೆ "ಅಮ್ಮಂದು ಬಿಸಿನೆಸ್" ಅಂದಿದ್ದೆ. ಯಾವ ಬಿಸಿನೆಸ್ ಅಂತ ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ಡಬ್ಬಿಯಲ್ಲಿ ಬೂತಾಯಿ ಪುಳಿಮುಂಚಿ ಇದ್ದ ದಿನ "ಹಸಿವಿಲ್ಲ" ಅಂದು ಮುಚ್ಚಳವೇ ತೆಗೀತಿರ್ಲಿಲ್ಲ. ಸಂಜೆ ಬಸ್ ಸ್ಟ್ಯಾಂಡ್ ನಾಯಿಗೆ ಹಾಕಿ, ಖಾಲಿ ಡಬ್ಬಿ ಮನೆಗೆ ಒಯ್ತಿದ್ದೆ. "ಸಾಕಾಯ್ತಾ ಮಗಾ?" ಅಂತ ಅಮ್ಮ ಕೇಳಿದ್ರೆ "ಹೂಂ." ನನ್ನ ಕಾಲೇಜ್ ಫೀಸ್ ಬರೋದೂ ಅದೇ ಬುಟ್ಟಿಯಿಂದ.

ಜುಲೈ 31ರವರೆಗೆ ನಮ್ಮಲ್ಲಿ ಯಂತ್ರದ ಬೋಟ್‌ಗಳಿಗೆ ರಜೆ. ಆಗಸ್ಟ್‌ನಲ್ಲಿ ಬೋಟ್ ಇಳಿದು ಬೂತಾಯಿ ಬಂದ ದಿನ ಡಬ್ಬಿ ತರ್ತೀನಿ, ಕ್ಲಾಸಲ್ಲೇ ಮುಚ್ಚಳ ತೆಗೀತೀನಿ. ವಾಸನೆ ಆಗದವರು ಕಿಟಕಿ ಪಕ್ಕ ಕೂತ್ಕೊಳ್ಳಿ. ಬೇಕಾದವರು ನನ್ನ ಪಕ್ಕ ಬನ್ನಿ.

ನಾಯಿ ವಿಷಯ ಅಮ್ಮನಿಗೆ ಇನ್ನೂ ಹೇಳಿಲ್ಲ. ಅಮ್ಮ ಈ ಆ್ಯಪ್‌ನಲ್ಲಿಲ್ಲ, ನಾನೇ ಹೇಳಬೇಕು.

#ಬೂತಾಯಿ #ಚೋಶಿ #ಮಲ್ಪೆ