ಮಂಗದ ಲೆಕ್ಕ

ನಮ್ಮ ಮನೆ ಸೋರುವುದು ದೇವರ ಕೋಣೆಯಲ್ಲಿ. ಮೊದಲ ಎರಡು ಮಳೆಗಾಲ ಅಮ್ಮ ಅದನ್ನು ಅಭಿಷೇಕವೆಂದೇ ಬಗೆದು ಸುಮ್ಮನಿದ್ದರು. ಮೂರನೆಯ ವರ್ಷ ತಂಬಿಗೆ ಸಾಲದೆ ಕೊಡಪಾನ ಇಡುವಂತಾದಾಗ, "ಈ ಸಲ ಮೃಗಶಿರೆ ಹುಟ್ಟುವುದರೊಳಗೆ ಯಾರನ್ನಾದರೂ ಕರೆಸು" ಎಂದರು. ಮೂವರನ್ನು ಕರೆಸಿದೆ.

ಮೊದಲನೆಯವರು ಕಾರಿನಿಂದ ಇಳಿದು, ಅಂಗಳದಲ್ಲೇ ನಿಂತು ಮಾಡಿನ ಫೋಟೊ ತೆಗೆದುಕೊಂಡು ಹೋದರು. ಸಂಜೆಗೆ ವಾಟ್ಸ್ಯಾಪಿನಲ್ಲಿ ಕೊಟೇಷನ್: ಹಂಚೆಲ್ಲ ಇಳಿಸಿ ಕಬ್ಬಿಣದ ಟ್ರಸ್ಸು, ಮೇಲೆ ಹಂಚಿನ ಬಣ್ಣದ ಶೀಟು, 10 ವರ್ಷ ಗ್ಯಾರಂಟಿ, 4.5 ಲಕ್ಷ. ಎರಡನೆಯವರು ಹಂಚನ್ನು ಮುಟ್ಟುವುದೇ ಬೇಡ, ಅದರ ಮೇಲೇ ಶೀಟಿನ ಕೊಡೆ ಹಿಡಿಸೋಣ ಎಂದರು, 2 ಲಕ್ಷ. ಆಗುಂಬೆ ಸೀಮೆಯ ಮಳೆ ಶೀಟಿನ ಮೇಲೆ ಬಿದ್ದರೆ ಒಳಗಿದ್ದವರು ನಾಲ್ಕು ತಿಂಗಳು ಕೈಸನ್ನೆಯಲ್ಲೇ ಮಾತಾಡಬೇಕು. ಕೆಲವು ಮನೆಗಳಿಗೆ ಅದೂ ಒಳ್ಳೆಯದೇ, ಬಿಡಿ.

ಮೂರನೆಯವರು ಬೀಡಿ ಆರಿಸಿ ಏಣಿ ಕೇಳಿದರು.

ಅವರು ಇಳಿಸಿಕೊಟ್ಟ ಹಂಚೊಂದನ್ನು ತಿಕ್ಕಿ ತೊಳೆದರೆ ಬಾಸೆಲ್ ಮಿಷನ್ ಹೆಸರು, ಜೊತೆಗೆ 1865. ಅಜ್ಜ ಈ ಅಂಕಿಯನ್ನೇ ತೋರಿಸಿ ಮನೆಯ ವಯಸ್ಸು ಹೇಳುತ್ತಿದ್ದ. ಅದು ಮನೆಯದ್ದಲ್ಲ, ಕಾರ್ಖಾನೆಯದು. ಆ ವರ್ಷ ಜಾರ್ಜ್ ಪ್ಲೆಬ್‌ಸ್ಟ್ ಎಂಬ ಜರ್ಮನ್ ಮಿಷನರಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚು ಸುಡಲು ಶುರುಮಾಡಿದ. ನೇತ್ರಾವತಿಯ ಜೇಡಿಮಣ್ಣು ಕೈಗೆಟಕುವಷ್ಟು ಹತ್ತಿರವಿತ್ತು. ಮತಾಂತರವಾಗಿ ಕುಲಕಸುಬು ಕಳಕೊಂಡವರಿಗೆ ಕೂಲಿಯೂ ಬೇಕಿತ್ತು. ಕೊಂಡಿ ಹಾಕಿಕೊಳ್ಳುವ ಹಂಚಿನ ಉಪಾಯ ಮಾತ್ರ ಇನ್ನೂ ಹಳೆಯದು: ಫ್ರಾನ್ಸಿನ ಆಲ್ಸೇಸ್ ಸೀಮೆಯ ಗಿಲಾರ್ಡೋನಿ ಸಹೋದರರು 1841ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದರು.

ಈ ಹಂಚಿನ ಜಾಣತನವೆಲ್ಲ ನೆರೆಹೊರೆಯದು. ಮೈಮೇಲಿನ ಕಾಲುವೆ ನೀರನ್ನು ಕೆಳಗಿನ ಹಂಚಿಗೆ ಒಪ್ಪಿಸುತ್ತದೆ. ಅಂಚಿನ ಗೀರು ಪಕ್ಕದ ಹಂಚನ್ನು ಕಚ್ಚಿಕೊಳ್ಳುತ್ತದೆ. ಹೊಟ್ಟೆಯಡಿಯ ಗುಬುಟು ರೀಪಿಗೆ ಆತುಕೊಳ್ಳುತ್ತದೆ. ಮೊಳೆಯಿಲ್ಲ, ಗಾರೆಯಿಲ್ಲ. ಅಡಿಗೆಮನೆಯ ಹೊಗೆ ಸಂದಿಯಲ್ಲಿ ನುಸುಳಿ ಹೋಗಬಹುದು, ಮಳೆ ಒಳಬರಲಾಗದು.

ನಮ್ಮಲ್ಲಿ ಕೆಟ್ಟಿದ್ದೂ ನೆರೆಹೊರೆಯೇ. "ಸೋರೋದು ಇಲ್ಲಿ, ನೀರು ನುಗ್ಗೋದು ಅಡಿಗೆಮನೆ ಮೇಲೆ ಸಾರ್. ಪಕಾಸಿನ ಗುಂಟ ಹರ್ಕೊಂಡು ಬರ್ತದೆ" ಎಂದು ಮಾಡಿನ ಮೇಲಿಂದಲೇ ಕೂಗಿದರು. ಅಪ್ಪ ಎಂದೋ ಎರಡು ಸಾಲು ಬದಲಿಸಿದ್ದರು. ಅದು ಬೇರೆ ಕಾರ್ಖಾನೆಯ ಅಚ್ಚು. ನೋಡಲು ಒಂದೇ ಥರ, ಗೀರಿಗೆ ಗೀರು ಕೂರುವುದಿಲ್ಲ. ಇಷ್ಟು ವರ್ಷ ನಾವು ಬೈದದ್ದು ತಪ್ಪು ಕೋಣೆಯ ಹಂಚುಗಳನ್ನು.

ಹಳೆಯ ಅಚ್ಚಿನ ಹಂಚು ಈಗ ಎಲ್ಲಿ? ತಾರಸಿ ಮನೆಗಳು ಬಂದವು, ಮಂಗಳೂರಿನ ಎಷ್ಟೋ ಹಂಚಿನ ಕಾರ್ಖಾನೆಗಳ ಚಿಮಣಿ ತಣ್ಣಗಾಯಿತು. ಯಾರಾದರೂ ಹಳೆ ಮನೆ ಕೆಡವಿದಲ್ಲಿ ಹುಡುಕಬೇಕು, ಹುಡುಕಿ ತರುತ್ತೇನೆಂದರು. ಯಾವಾಗ ಎಂದರೆ "ಬರ್ತೀನಲ್ಲ". ಮಲೆನಾಡಿನಲ್ಲಿ ಈ ಮಾತಿಗೆ ಯಾವ ಪಂಚಾಂಗವೂ ಇಲ್ಲ. ಗ್ಯಾರಂಟಿ ಕೇಳಲು ನನಗೇ ನಾಚಿಕೆಯಾಯಿತು.

ಮದುವೆಯ ಕರೆಯೋಲೆಯೊಂದರ ಬೆನ್ನಿಗೆ ಅವರು ಲೆಕ್ಕ ಬರೆದರು. ಹಂಚು ಕೈಯಾಡಿಸುವುದು, ಗೆದ್ದಲು ಹಿಡಿದ ರೀಪು, ಆಳಿನ ಕೂಲಿ, ಒಟ್ಟು 85 ಸಾವಿರ. ಹಂಚಿನ ಲೆಕ್ಕದ ಕೆಳಗೆ ಇನ್ನೊಂದು ಸಾಲು: 'ಮಂಗಕ್ಕೆ 50'.

"ಇದೇನು?" ಎಂದೆ.

"ಮಂಗ ಬರ್ತವೆ, ಹಾರ್ತವೆ, ಒಡೀತವೆ. 50 ಹಂಚು ಅಟ್ಟದಲ್ಲಿ ಇಟ್ಕೊಂಡಿರಿ ಸಾರ್."

ಉಳಿದಿಬ್ಬರ ಕೊಟೇಷನ್ನಿನಲ್ಲಿ ಜಿಎಸ್‌ಟಿ ಇತ್ತು, ಮಂಗ ಇರಲಿಲ್ಲ. ನಾನು ಯೋಚಿಸಿ ಹೇಳುತ್ತೇನೆ ಎನ್ನುವಷ್ಟರಲ್ಲಿ ಅಮ್ಮ ಮುಂಗಡದ ದುಡ್ಡು ತರಲು ಒಳಗೆ ಹೋಗಿಯಾಗಿತ್ತು.