ವರ್ಷದ ಲೆಕ್ಕ

ತುಮಕೂರಿನಿಂದ ಸುಮಾರು ಹದಿನೈದು ಕಿಲೋಮೀಟರ್ ದೂರದಲ್ಲಿರುವ ದೇವರಾಯನದುರ್ಗಕ್ಕೆ ಹೋದವರು ಭೋಗ ನರಸಿಂಹ, ಯೋಗ ನರಸಿಂಹರ ದರ್ಶನ ಮಾಡಿ, ನಾಮದ ಚಿಲುಮೆಯ ನೀರನ್ನು ಕಣ್ಣಿಗೊತ್ತಿಕೊಂಡು ಹಿಂದಿರುಗುತ್ತಾರೆ. ಬೆಟ್ಟದ ಮತ್ತೊಂದು ವಿಶೇಷವನ್ನು ಗಮನಿಸುವವರು ವಿರಳ. ಇಲ್ಲಿ ಹುಟ್ಟುವ ಜಯಮಂಗಲಿಯು ಉತ್ತರದ ಕಡೆಗೆ ಹರಿದು ಪಿನಾಕಿನಿಯನ್ನು ಸೇರಿದರೆ, ಶಿಂಷೆಯು ದಕ್ಷಿಣಕ್ಕಿಳಿದು, ಮಾರ್ಕೋನಹಳ್ಳಿಯ ಜಲಾಶಯವನ್ನು ತುಂಬಿ, ಕಾವೇರಿಯಲ್ಲಿ ಬೆರೆಯುತ್ತದೆ. ಒಂದೇ ಬೆಟ್ಟದ ಮೇಲೆ ಬಿದ್ದ ಮಳೆಗೆ ಎರಡು ದಾರಿ.

ಈ ಬೆಟ್ಟದ ಸೆರಗಿನ ಹಳ್ಳಿಯೊಂದರಲ್ಲಿ ಒಂದು ಕ್ರೈಸ್ತ ಕುಟುಂಬವಿದೆ. ತುಮಕೂರು ಸೀಮೆಗೆ ಕ್ರೈಸ್ತಧರ್ಮ ಹೊಸದಲ್ಲ. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1837ರಲ್ಲಿಯೇ ಗುಬ್ಬಿಯಲ್ಲಿ ಬಿಡಾರ ಹೂಡಿದ್ದನು. ಆದರೆ ಈ ಮನೆಯ ಊಟ ಉಪಚಾರಗಳನ್ನು ನೋಡಿದರೆ ನೆರೆಮನೆಗಿಂತ ಬೇರೆಯೆಂದು ಹೇಳುವಂತಿಲ್ಲ. ಅದೇ ರಾಗಿಯ ಮುದ್ದೆ, ಅದೇ ಅವರೆಕಾಯಿಯ ಸಾರು. ಕ್ರಿಸ್‌ಮಸ್ಸಿನಂದು ಕೂಡ ಇಲ್ಲಿ ಕೇಕಿಗಿಂತ ಕಜ್ಜಾಯ, ಕರ್ಜಿಕಾಯಿಗಳದೇ ಮೇಲುಗೈ.

ಈ ಮನೆಗೆ ತನ್ನದೇ ಆದ ಒಂದು ಪದ್ಧತಿಯಿತ್ತು. ಕ್ರಿಸ್‌ಮಸ್ ದಿನ ಆರಾಧನೆ ಮುಗಿಸಿ ಬಂದ ಮೇಲೆ, ಊಟಕ್ಕೆ ಎಲೆ ಹಾಕುವ ಮುನ್ನ, ಮನೆಯವರೆಲ್ಲ ನಡುಮನೆಯಲ್ಲಿ ಕುಳಿತು ಆ ವರ್ಷ ತಮಗೆ ಬಂದದ್ದೇನು, ಹೋದದ್ದೇನು ಎಂಬುದನ್ನು ಒಬ್ಬೊಬ್ಬರಾಗಿ ಹೇಳಬೇಕು. ಇದನ್ನು ಆರಂಭಿಸಿದವರು ಮನೆಯ ಹಿರಿಯರಾದ ತಾತ. ಅವರು ಅದನ್ನೆಲ್ಲ ಉದ್ದನೆಯ ಲೆಕ್ಕದ ಪುಸ್ತಕವೊಂದರಲ್ಲಿ ಎರಡು ಸಾಲಾಗಿ ಬರೆದಿಡುತ್ತಿದ್ದರು. ರೈತನ ಲೆಕ್ಕವಾದ್ದರಿಂದ ಅದರಲ್ಲಿ ಮಾತು ಕಡಿಮೆ. 2016ರ ಬರಗಾಲದ ಪುಟದಲ್ಲಿ ‘ಹೋದದ್ದು’ ಎಂಬುದರ ಕೆಳಗೆ ‘ಕೊಳವೆಬಾವಿ, ಹನ್ನೊಂದು ತೆಂಗು’ ಎಂದಷ್ಟೇ ಇದೆ. ಲೋಕವೆಲ್ಲ ಬಾಗಿಲು ಹಾಕಿಕೊಂಡಿದ್ದ 2020ರ ಪುಟದಲ್ಲಿ ‘ಬಂದದ್ದು: ಮಕ್ಕಳೆಲ್ಲ ಮನೆಗೆ’ ಎಂದಿದೆ. ಬೆಂಗಳೂರಿನ ಪೀಣ್ಯದಲ್ಲಿ ಕೆಲಸಕ್ಕಿದ್ದ ಕಿರಿಯ ಮಗ ಆ ಬೇಸಿಗೆಯಲ್ಲಿ ಮೂರು ತಿಂಗಳು ಊರಿನಲ್ಲಿಯೇ ಇದ್ದನಂತೆ. ಅವನ ಸಂಬಳ ನಿಂತುಹೋದುದನ್ನು ಮುದುಕರು ಎಣಿಕೆಗೆ ತಂದುಕೊಳ್ಳಲಿಲ್ಲ.

ಮರುವರ್ಷ, 2021ರ ಮೇ ತಿಂಗಳಿನಲ್ಲಿ, ಅವರೇ ಜ್ವರದಲ್ಲಿ ಮಲಗಿದರು. ಕೊರೋನಾದ ಎರಡನೆಯ ಅಲೆ ಆಗ ಹಳ್ಳಿಹಳ್ಳಿಗೂ ನುಗ್ಗಿತ್ತು. ಉಸಿರಾಟ ಕಷ್ಟವಾದಾಗ ತುಮಕೂರಿನ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಅಜ್ಜಿ ಗೇಟಿನ ಹೊರಗೆ, ಹೊಂಗೆಯ ಮರದಡಿಯಲ್ಲಿ, ಎರಡು ದಿನ ಕುಳಿತಿದ್ದರು. ಒಳಗೆ ಬಿಡುವಂತಿರಲಿಲ್ಲ. ಮೂರನೆಯ ಬೆಳಿಗ್ಗೆ ಸುದ್ದಿ ಬಂದಿತು. ಮೈತುಂಬ ರಕ್ಷಣಾ ಉಡುಪು ತೊಟ್ಟ ನಾಲ್ವರು ಮಣ್ಣು ಮಾಡಿದರು. ಮನೆಯವರಲ್ಲಿ ಹಿರಿಯ ಮಗನೊಬ್ಬನೇ ದೂರದಲ್ಲಿ ನಿಂತಿದ್ದನು. ಕಿರಿಯ ಮಗ ಬೆಂಗಳೂರಿನಿಂದ ಬರಲು ಬಸ್ಸಿರಲಿಲ್ಲ. ಅವನು ತಂದೆಯ ಅಂತ್ಯಸಂಸ್ಕಾರವನ್ನು ಮೊಬೈಲಿನ ಅಂಗೈಯಗಲದ ಪರದೆಯಲ್ಲಿ ನೋಡಿದನು. ಕೂಡಿ ಅಳುವುದಕ್ಕೂ ಅವಕಾಶವಿಲ್ಲದ ಸಾವು ಅದು. ಅದೇ ತಿಂಗಳಿನಲ್ಲಿ ಪಕ್ಕದ ಮನೆಯ ಯಜಮಾನರೂ ತೀರಿಕೊಂಡರು. ಸಾವಾದ ವರ್ಷ ಹಬ್ಬ ಮಾಡಬಾರದೆಂಬ ಸಂಪ್ರದಾಯದಂತೆ ಆ ಮನೆಯಲ್ಲಿ ಗೌರಿ, ದೀಪಾವಳಿಗಳಿಗೆ ಒಲೆಯ ಮೇಲೆ ಬಾಣಲೆ ಏರಲಿಲ್ಲ.

ವರ್ಷ ಮಾತ್ರ ನಿಲ್ಲಲಿಲ್ಲ. ಹಿರಿಯ ಮಗನ ಮಗಳು ಜುಲೈ 19 ಮತ್ತು 22ರಂದು ಎಸ್.ಎಸ್.ಎಲ್.ಸಿ. ಪರೀಕ್ಷೆ ಬರೆದಳು. ಎಲ್ಲ ವಿಷಯಗಳನ್ನೂ ಎರಡೇ ದಿನಗಳಲ್ಲಿ ಮುಗಿಸಿದ, ಸರಿಯುತ್ತರವನ್ನು ಆರಿಸಿ ಗುರುತು ಹಾಕಬೇಕಾದ ಪರೀಕ್ಷೆ ಅದು. ಆಗಸ್ಟಿನಲ್ಲಿ ಕಿರಿಯ ಸೊಸೆಗೆ ಗಂಡುಮಗುವಾಯಿತು. ನವೆಂಬರಿನಲ್ಲಿ ಬಿಡದೆ ಸುರಿದ ಮಳೆಗೆ ಜಿಲ್ಲೆಯ ಕೆರೆಗಳು ಕೋಡಿಬಿದ್ದವು. ಕೊಯ್ಲಿಗೆ ಬಂದಿದ್ದ ರಾಗಿ ನೆಲಕ್ಕೊರಗಿ, ತೆನೆಯಲ್ಲಿಯೇ ಮೊಳಕೆಯೊಡೆಯಿತು. ನೀರಿಗಾಗಿ ಹಂಬಲಿಸುವ ಸೀಮೆಯಲ್ಲಿ ನೀರೇ ಅನ್ನವನ್ನು ಕಿತ್ತುಕೊಂಡುದು ಎಂಥ ವಿಪರೀತ!

ಡಿಸೆಂಬರ್ ಬಂದಾಗ ಬಾಗಿಲಿಗೆ ನಕ್ಷತ್ರದ ಗೂಡುದೀಪ ಕಟ್ಟಬೇಕೇ ಬೇಡವೇ ಎಂಬ ಪ್ರಶ್ನೆ ಎದ್ದಿತು. ಮಕ್ಕಳು ಸುಮ್ಮನಿದ್ದರು. ಅಜ್ಜಿ ತಾವೇ ಅಟ್ಟದಿಂದ ಹಳೆಯದನ್ನು ಇಳಿಸಿ, ದೂಳು ಕೊಡವಿ, “ಹುಟ್ಟಿದ ಕೂಸು ಮನೇಲಿದೆ; ಕತ್ತಲಲ್ಲಿ ಇರಿಸೋದೇನು?” ಎಂದರು.

ಕ್ರಿಸ್‌ಮಸ್ ಆ ವರ್ಷ ಶನಿವಾರ ಬಂದಿತ್ತು. ಎಲ್ಲರೂ ನಡುಮನೆಯಲ್ಲಿ ಕುಳಿತರು. ಪುಸ್ತಕ ಬರೆಯುವ ಕೆಲಸ ಮೊಮ್ಮಗಳ ಪಾಲಿಗೆ ಬಂದಿತು. ಹಿರಿಯ ಮಗ ರಾಗಿಯ ನಷ್ಟವನ್ನು ಹೇಳಿದನು. ಕಿರಿಯವನು ಮಗುವಿನ ಹೆಸರು ಹೇಳಿ, ಮುಂದೆ ಮಾತು ಹೊರಡದೆ ತಲೆ ತಗ್ಗಿಸಿದನು. ಹತ್ತು ವರ್ಷದ ಹುಡುಗ ‘ಹೋದದ್ದು’ ಎಂಬಲ್ಲಿ ಪುನೀತ್ ರಾಜ್‌ಕುಮಾರ್ ಅವರ ಹೆಸರನ್ನೂ ಬರೆಯಬೇಕೆಂದು ಹಟ ಹಿಡಿದನು. ಅಕ್ಟೋಬರ್ 29ರಂದು ನಾಡಿಗೆ ನಾಡೇ ಅತ್ತಿದ್ದಿತು; ಹುಡುಗನ ಮಾತನ್ನು ಯಾರೂ ತೆಗೆದುಹಾಕಲಿಲ್ಲ.

ಮೊಮ್ಮಗಳು ತನ್ನ ಸರದಿ ಬಂದಾಗ ಬರೆಯುವುದನ್ನು ನಿಲ್ಲಿಸಿದಳು. “ನನಗೆ ಬಂದದ್ದೇನೂ ಇಲ್ಲ ಅಜ್ಜಿ. ಈ ವರ್ಷ ಎಲ್ಲರನ್ನೂ ಪಾಸು ಮಾಡಿದರು. ಅದೂ ಒಂದು ಪಾಸೇ?”

“ಜ್ವರದ ಮನೇಲಿ ಕೂತು ಓದಿದೋಳು ನೀನು. ಎಲ್ಲರೂ ಅಷ್ಟೇ ಓದಿದರೇನು?” ಎಂದರು ಅಜ್ಜಿ. ಹುಡುಗಿ ಒಪ್ಪಲಿಲ್ಲ. ಆ ಜಾಗವನ್ನು ಖಾಲಿಯೇ ಬಿಟ್ಟಳು.

ಕೊನೆಗೆ ಅಜ್ಜಿಯ ಸರದಿ ಬಂದಿತು. ಗಂಡನ ಹೆಸರನ್ನು ಹೇಳುವರೆಂದು ಎಲ್ಲರೂ ಕಾದಿದ್ದರು. ಅವರು ಹೇಳಿದ್ದು ಬೇರೆ. “ಹೋದದ್ದು ಅಂತ ಬರಿಯವ್ವ. ಕಡೆಗಾಲದಲ್ಲಿ ಅವರ ಬಾಯಿಗೆ ನೀರು ಹಾಕೋರು ಮನೆಯೋರು ಯಾರೂ ಇರಲಿಲ್ಲ. ನಲವತ್ತೆಂಟು ವರ್ಷ ಬಾಳಿ, ಅಷ್ಟು ನನ್ನ ಕೈಲಿ ಆಗಲಿಲ್ಲ.”

ಮಗಳು ಗೋಡೆಗೊರಗಿ ಕುಳಿತಿದ್ದಳು. ಆಕೆ ಅದೇ ಆಸ್ಪತ್ರೆಯಲ್ಲಿ ದಾದಿ. ಆ ಬೇಸಿಗೆಯೆಲ್ಲ ಅಲ್ಲಿಯೇ ಉಳಿದಿದ್ದವಳು ಊರಿಗೆ ಬಂದುದು ಜುಲೈ ತಿಂಗಳಿನಲ್ಲಿ. ಅಷ್ಟರಲ್ಲಿ ಆ ದಿನದ ಮಾತನ್ನು ಮನೆಯಲ್ಲಿ ಯಾರೂ ಎತ್ತದಂತಾಗಿತ್ತು. “ನಾನಿದ್ದೆ ಅಮ್ಮ” ಎಂದಳು. ಆ ರಾತ್ರಿ ಆಕೆಯ ಕೆಲಸವಿದ್ದುದು ಬೇರೆ ವಾರ್ಡಿನಲ್ಲಿ. ಗೆಳತಿಯೊಬ್ಬಳ ಬದಲಿಗೆ ತಾನು ಹೋಗಿದ್ದಳು. ಮುಸುಕಿನೊಳಗಿದ್ದ ಮಗಳ ಮುಖ ತಂದೆಗೆ ಕಾಣಲಿಲ್ಲ. ದನಿಯಿಂದಲೇ ಗುರುತು ಹಿಡಿದರು. ಚಮಚದಲ್ಲಿ ಹಾಕಿದ ನೀರನ್ನು ಮೂರು ಸಲ ಕುಡಿದರು. “ಎಮ್ಮೆ ಕರು ಹಾಕಿತೇ?” ಎಂದು ಕೇಳಿದರು. ಇನ್ನೇನನ್ನೂ ಆಡಲಿಲ್ಲ.

“ನೀನು ಹೊರಗೆ ಮರದ ಕೆಳಗಿದ್ದೆ. ನಾನು ಒಳಗಿದ್ದೆ. ಅದನ್ನು ಹೇಗಮ್ಮ ನಿನಗೆ ಹೇಳಲಿ?” ಎಂದು ಮಗಳು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ಏಳು ತಿಂಗಳು ತಡೆದಿದ್ದ ಅಳು ಅಂದು ಮನೆಯೊಳಗೆ ಕಟ್ಟೆಯೊಡೆಯಿತು. ಯಾರೂ ಯಾರನ್ನೂ ಸಂತೈಸಲಿಲ್ಲ, ಎಲ್ಲರೂ ಅತ್ತರು. ತೊಟ್ಟಿಲಲ್ಲಿದ್ದ ಮಗು ಗಾಬರಿಗೊಂಡು ತಾನೂ ದನಿಗೂಡಿಸಿತು.

ಮೊದಲು ಕಣ್ಣೊರೆಸಿಕೊಂಡವರು ಅಜ್ಜಿ. ಮೊಮ್ಮಗಳ ಕೈಯಲ್ಲಿದ್ದ ಪುಸ್ತಕವನ್ನು ಬೆರಳಿನಿಂದ ತಟ್ಟಿ, “ಅದನ್ನು ಹೊಡೆದುಹಾಕು. ಈ ಕಡೆ ಸಾಲಿಗೆ ಬರಿ, ನೀರು ಸಿಕ್ಕಿತು ಅಂತ” ಎಂದರು. ಸ್ವಲ್ಪ ತಡೆದು, “ಎಮ್ಮೆ ಹೆಣ್ಣುಗರು ಹಾಕಿತು ಅಂತಲೂ ಬರಿ. ಅವರಿಗೆ ತಿಳೀಲಿಲ್ಲ” ಎಂದು ಸೇರಿಸಿದರು. ಹುಡುಗಿ ಬರೆದಳು. ಅನಂತರ ಖಾಲಿ ಬಿಟ್ಟಿದ್ದ ತನ್ನ ಜಾಗದಲ್ಲಿಯೂ ಏನನ್ನೋ ಬರೆದು, ಯಾರಿಗೂ ತೋರಿಸದೆ ಪುಸ್ತಕವನ್ನು ಮಡಿಚಿದಳು.

ಊಟಕ್ಕೆ ಮೊದಲು ಅಜ್ಜಿ ಹಿತ್ತಾಳೆಯ ತಟ್ಟೆಯಲ್ಲಿ ಕಜ್ಜಾಯ, ಚಕ್ಕುಲಿ, ಕರ್ಜಿಕಾಯಿಗಳನ್ನು ಜೋಡಿಸಿ, ಬಾಳೆಯೆಲೆ ಮುಚ್ಚಿಕೊಂಡು ಪಕ್ಕದ ಮನೆಗೆ ಹೋದರು. ಹಬ್ಬವಿಲ್ಲದ ಆ ಮನೆಯ ಹೆಂಗಸು ತಟ್ಟೆಯನ್ನು ಎರಡೂ ಕೈಗಳಿಂದ ಒಳಗೊಯ್ದಳು. ತಟ್ಟೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂದು, ಆ ಬೆಳಿಗ್ಗೆ ಹೊಲದಿಂದ ಕಿತ್ತು ತಂದಿದ್ದ ಅವರೆಕಾಯಿಯನ್ನು ಅದರ ತುಂಬ ಸುರಿದುಕೊಟ್ಟಳು. ಇಬ್ಬರೂ ಜಗಲಿಯ ಮೇಲೆ ಬಹಳ ಹೊತ್ತು ಕುಳಿತಿದ್ದರು.