ಕುಲುಮೆಗೆ ಹೋದ ಬಂದೂಕುಗಳು

ಸುರಪುರದವನು ಎಂದೊಡನೆ ಬೆಂಗಳೂರಿನ ಜನ ಬಿಸಿಲಿನ ವಿಚಾರ ತೆಗೆಯುತ್ತಾರೆ. ಯಾರಾದರೊಬ್ಬರು ಬಂದೂಕಿನ ವಿಚಾರ ಕೇಳಲಿ ಎಂದು ನನ್ನ ಆಸೆ. 1705ರಲ್ಲಿ ಮುಪ್ಪಿನ ಔರಂಗಜೇಬ ತಾನೇ ದಂಡು ಕಟ್ಟಿಕೊಂಡು ವಾಗಣಗೇರಾಕ್ಕೆ ಬಂದಾಗ ಅವನನ್ನು ತಿಂಗಳುಗಟ್ಟಲೆ ಕಾಯಿಸಿದವರು ಪಿಡ್ಡ ನಾಯಕನ ಬೇಡರು. ಬತ್ತಿಯ ಬಂದೂಕಿನ ಗುರಿಯಲ್ಲಿ ಅವರನ್ನು ಮೀರಿಸುವವರು ದಖ್ಖನ್ನಿನಲ್ಲಿ ವಿರಳ.

ಆ ಬಂದೂಕುಗಳಲ್ಲಿ ಒಂದನ್ನು ಮೊಮ್ಮಗನಿಗೆ ತೋರಿಸೋಣವೆಂದು ನಾನು ಮೂರು ಊರು ತಿರುಗಿದೆ. ಯಾದಗಿರಿಯ ಕೋಟೆ ಹತ್ತಿದರೆ ತೋಪು ಕಾಣುತ್ತದೆ. ತೋಪು ಭಾರ, ಹೊತ್ತೊಯ್ಯುವವರಿಲ್ಲದೆ ಉಳಿಯಿತು. ಬಂದೂಕು ಹಗುರ, ಹಿಡಿದವನಿಗೂ ಹಗುರ, ಕಸಿದವನಿಗೂ ಹಗುರ. ಶಹಾಪುರದಲ್ಲಿ ಒಬ್ಬ ಕಮ್ಮಾರರ ಮನೆಯಲ್ಲಿ ಹಳೆಯ ನಳಿಗೆಯೊಂದು ಒಲೆಯ ಊದುಗೊಳವೆಯಾಗಿತ್ತು. "ಚಲೋ ಉಕ್ಕರೀ, ನಮ್ಮ ಮುತ್ತ್ಯಾನ ಕಾಲದ್ದು" ಎಂದರು ಆ ತಾಯಿ. ಅವರ ಮಟ್ಟಿಗೆ ಅದು ಉಳಿಸಿದ ಹಾಗೆಯೇ!

ನಿಶ್ಶಸ್ತ್ರೀಕರಣದ ಕಾಯ್ದೆ ಬಂದದ್ದು 1857ರಲ್ಲಿ. ಆಯುಧ ಕೊಡಲಾರೆವೆಂದು ಮುಧೋಳದ ಹತ್ತಿರದ ಹಲಗಲಿ ಬೇಡರು ಎದ್ದು ನಿಂತರು, ಊರು ಸುಟ್ಟಿತು, ಗಲ್ಲುಗಳಾದವು. ಮರುವರ್ಷ ನಮ್ಮ ರಾಜಾ ವೆಂಕಟಪ್ಪ ನಾಯಕನ ಸರದಿ. ಬಾಲ್ಯದಲ್ಲಿ ಮೆಡೋಸ್ ಟೇಲರನ ಕೈಕೆಳಗೆ ಬೆಳೆದ ಆ ತರುಣ, ಸೆರೆಯಾಳಾಗಿ ಸಾಗುವಾಗ ಇಂಗ್ಲಿಷ್ ಅಧಿಕಾರಿಯ ರಿವಾಲ್ವರಿನ ಗುಂಡಿಗೆ ತೀರಿಕೊಂಡ. ತಾನೇ ಹಾರಿಸಿಕೊಂಡ ಎಂದು ಟೇಲರ್ ಬರೆದ. ನಮ್ಮೂರಿನ ಮುದುಕರು ಅದನ್ನು ಇಂದಿಗೂ ಒಪ್ಪುವುದಿಲ್ಲ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ಹಲಗಲಿಯ ಲಾವಣಿಯನ್ನು ಫ್ಲೀಟ್ ಸಾಹೇಬ ಕೂಡಿಸಿಟ್ಟ, ಮಕ್ಕಳು ಶಾಲೆಯಲ್ಲಿ ಓದುತ್ತಾರೆ. ಆ ಲಾವಣಿಗೆ ಕಾರಣವಾದ ಬಂದೂಕು ಹೇಗಿತ್ತೆಂದು ಮಕ್ಕಳು ಕೇಳಿದರೆ ಮೇಷ್ಟ್ರು ಹಲಗೆಯ ಮೇಲೆ ಬರೆದು ತೋರಿಸಬೇಕು.

ಈಗಿನದು ಬೇರೆ ದಾರಿ. 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸುದಾರ ತೀರಿಕೊಂಡರೆ ಬಂದೂಕನ್ನು ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಬೇಕು. ವಾಯಿದೆಯೊಳಗೆ ವಾರಸುದಾರ ಬಿಡಿಸಿಕೊಳ್ಳದಿದ್ದರೆ ಜಪ್ತಿ. 2019ರ ತಿದ್ದುಪಡಿ ಮೂರು ಬಂದೂಕಿನ ಮಿತಿಯನ್ನು ಎರಡಕ್ಕೆ ಇಳಿಸಿ, ಹೆಚ್ಚಿನದನ್ನು ಒಂದು ವರ್ಷದಲ್ಲಿ ಒಪ್ಪಿಸಿರೆಂದಿತು. ನಮ್ಮ ಸೋದರಮಾವನದು ಬಾಯಿಯಿಂದ ಮದ್ದು ತುಂಬುವ ಬಂದೂಕು, ಹಿಡಿಕೆಯ ಮೇಲೆ ಉರ್ದು ಅಂಕಿಗಳು. ಮಾವ ಹೋದ ಮೇಲೆ ಮಕ್ಕಳು "ಅದರ ಉಸಾಬರಿ ಯಾಕ?" ಎಂದು ಒಪ್ಪಿಸಿ ಬಂದರು. ಹಿಂದಿರುಗಿ ಕೇಳಲಿಲ್ಲ. ಕೊಡವರಿಗಿರುವ ವಿನಾಯಿತಿ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಣೆಯಾಯಿತು; ಆ ಭಾಗ್ಯ ಬೇಡರಿಗಿಲ್ಲ.

ಎಲ್ಲರ ಮನೆಯಲ್ಲೂ ಗುಂಡು ಹಾರುವ ಬಂದೂಕಿರಲಿ ಎಂದು ನಾನು ಹೇಳುವುದಿಲ್ಲ. ಬದುವಿನ ಜಗಳಕ್ಕೆ ತಲೆ ಒಡೆಯುವ ಸೀಮೆ ನಮ್ಮದು, ಬಡಿಗೆಯೇ ಸಾಕು. ಆದರೆ ಹಾರದ ಬಂದೂಕಿಗೆ ಯಾಕೆ ಹೆದರಿಕೆ? ನಳಿಗೆಯಲ್ಲಿ ಬೆಸುಗೆ ತುಂಬಿ, ಕುದುರೆಯ ಮೊಳೆ ತೆಗೆದರೆ ಉಳಿಯುವುದು ಕಟ್ಟಿಗೆ ಮತ್ತು ಕಬ್ಬಿಣ. ಬ್ರಿಟನ್ನಿನಲ್ಲಿ ಹೀಗೆ ಸತ್ತ ಬಂದೂಕಿಗೆ ಸರ್ಟಿಫಿಕೇಟು ಕೊಡುವ ವ್ಯವಸ್ಥೆ 1988ರ ಕಾನೂನಿನಿಂದ ಇದೆ. ಕಠ್ಮಂಡುವಿನ ಲಗನ್ ಸಿಲೇಖಾನಾ ಅರಮನೆಯಲ್ಲಿ ಧೂಳು ತಿನ್ನುತ್ತಿದ್ದ ಹತ್ತಾರು ಸಾವಿರ ಮಾರ್ಟಿನಿ-ಹೆನ್ರಿ ಮೊದಲಾದವು 2003ರಲ್ಲಿ ಅಮೆರಿಕದ ವ್ಯಾಪಾರಿಗಳ ಪಾಲಾಗಿ, ಅಲ್ಲಿಯ ಸಂಗ್ರಹಕಾರರ ಗೋಡೆ ಸೇರಿದವು. ನೇಪಾಳಿಗಳಿಗೆ ನಷ್ಟವೇ, ಆದರೂ ಕರಗಲಿಲ್ಲವಲ್ಲ.

ನಮ್ಮಲ್ಲೂ ಬಾಗಿಲಿದೆ. ದುರಸ್ತಿ ಮಾಡಿದರೂ ಹಾರದ ಹಳೆಯ ಆಯುಧಕ್ಕೆ ಕಾಯ್ದೆ ಅನ್ವಯಿಸದೆಂದು ಅದರದೇ 45ನೆಯ ಕಲಂ ಹೇಳುತ್ತದೆ. ಇದನ್ನು ಹಳ್ಳಿಯ ವಾರಸುದಾರನಿಗೆ ಹೇಳುವವರಿಲ್ಲ. ಎರಡು ಮಹಾಯುದ್ಧಗಳಲ್ಲಿ ನಮ್ಮ ಸಿಪಾಯಿಗಳು ಹೊತ್ತ ತ್ರೀ-ನಾಟ್-ತ್ರೀಯ ಗತಿಯೂ ಇದೇ. ಅದು ಸಾಮಾನ್ಯರಿಗೆ ನಿಷಿದ್ಧ, ಆದ್ದರಿಂದ ಸರ್ಕಾರ ತನ್ನ ಕಾರ್ಖಾನೆಯಲ್ಲಿ ನಾಗರಿಕರಿಗೆಂದು.315 ಬೋರಿನದನ್ನು ಮಾಡಿ ಮಾರಿತು.

ಕಳೆದ ಚುನಾವಣೆಯ ಹೊತ್ತಿಗೆ ಪರಿಚಯದ ಹಿರಿಯರೊಬ್ಬರು ತಮ್ಮ ಅಜ್ಜನ ಬಂದೂಕನ್ನು ಧೋತರದಲ್ಲಿ ಸುತ್ತಿಕೊಂಡು ಠಾಣೆಗೆ ಹೊರಟಿದ್ದರು. ಅರ್ಧ ಗಂಟೆ ನಿಲ್ಲಿಸಿ, ನಳಿಗೆಯ ಉದ್ದ ಅಳೆದೆ, ಮುದ್ರೆಗಳನ್ನು ಕಾಗದಕ್ಕೆ ಉಜ್ಜಿ ತೆಗೆದುಕೊಂಡೆ, 45ನೆಯ ಕಲಮನ್ನು ಚೀಟಿಯಲ್ಲಿ ಬರೆದು ಕೊಟ್ಟೆ. ಚೀಟಿಯನ್ನು ರುಮಾಲಿನ ಅಂಚಿಗೆ ಸಿಕ್ಕಿಸಿಕೊಂಡು ನಡೆದರು.